ಶಾಂಭವಿಯ ಕೈಯೋ, ಲ್ಯಾಪ್‌ಟಾಪಿನ ಮೆಮೊರಿಯೋ

ಜೋರಾಪುರ ಪೇಟೆಯಲ್ಲಿ ಹಿಟ್ಟಿನ ಗಿರಣಿಯ ಶಾಂಭವಿ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ವಾರವೆಲ್ಲ ಜೋಳ, ಗೋಧಿ ಬೀಸುವ ಈ ನಲವತ್ತು ದಾಟಿದ ಹೆಂಗಸು ಭಾನುವಾರ ಸಂಜೆ ಗಿರಣಿ ಬಂದ್ ಮಾಡಿ ಗೇಮಿಂಗ್ ಲ್ಯಾಪ್‌ಟಾಪಿನ ಮುಂದೆ ಕೂತು ಕಾರು ಓಡಿಸುತ್ತಾಳೆ. ಆಟದ ಕಾರೇ ಸರಿ, ಆದರೆ ನೋಡುವವರ ಎದೆ ಬಾಯಿಗೆ ಬರುತ್ತದೆ. ನಾನು ನಂದಾ, ಎದುರು ಮನೆಯವಳು. ಅವಳ ರೇಸಿನ ದಿನ ನನ್ನ ಒಲೆಯ ಮೇಲಿನ ಪಲ್ಯ ಸೀಯದೆ ಉಳಿದದ್ದಿಲ್ಲ.

ವಿಜಯಪುರ, ಟಿಕೋಟಾ, ಬಬಲೇಶ್ವರದ ಒಂದಷ್ಟು ಮಂದಿ ಆನ್‌ಲೈನಿನಲ್ಲಿ ಸೇರಿ ಆಡುವ ರೇಸು ಅದು. ಮೊದಲು ಶಾಂಭವಿ ಯಾರ ಕೈಗೂ ಸಿಗುತ್ತಿರಲಿಲ್ಲ. ಈಚೆಗೆ ಮಾತ್ರ ತಿರುವು ಬಂತೆಂದರೆ ಅವಳ ಕಾರು ತಡವರಿಸಿ ಗೋಡೆಗೆ ಬಡಿಯತೊಡಗಿತು.

"ವಯಸ್ಸಾತ್ರಿ ಅಕ್ಕಾರ, ಕೈ ನಿಧಾನ ಆಗ್ಯಾವ" ಎಂದು ಬಬಲೇಶ್ವರದ ರಾಹುಲ ಎಲ್ಲರಿಗೂ ಕೇಳುವ ಹಾಗೆ ನಕ್ಕ. ಎಂಥ ಬಾಯಿ ಆ ಹುಡುಗನದು! ಜಗಳಕ್ಕೆ ಹಿಂದೆ ಸರಿಯದ ಶಾಂಭವಿ ಅಂದು ಆಟ ಬಂದ್ ಮಾಡಿ ಎದ್ದಳು. ಅವಳಿಗೂ ಅದೇ ಅನುಮಾನ ಹೊಕ್ಕಿತ್ತು.

ಲ್ಯಾಪ್‌ಟಾಪ್ ರಿಪೇರಿಯ ಸೈಫುದ್ದೀನ ಬೇರೆಯೇ ಹೇಳಿದ: "ಎಂಟು ಜಿಬಿ ರ‍್ಯಾಮ್ ಐತ್ರಿ, ಆಟ ಶುರು ಆಗೂದ್ರಾಗ ತುಂಬಿಬಿಡತೈತಿ. ಇನ್ನೊಂದು ಎಂಟರದು ಹಾಕ್ರಿ, ಜಾಗಾ ಖಾಲಿ ಐತಿ."

ಬೆರಳುದ್ದದ ಆ ಮೆಮೊರಿ ಪಟ್ಟಿಯನ್ನು ಶಾಂಭವಿ ಮನೆಗೆ ತಂದಳು. ಗಿರಣಿ ಬಿಚ್ಚಿ ಜೋಡಿಸುವವಳಿಗೆ ಇದೇನು ಮಹಾ! "ಇದನ್ನ ಹಾಕಿದ ಮ್ಯಾಲೂ ಕಾರು ತಡವರಿಸಿತಂದ್ರ ನನ್ನ ಕೈನ ಕೆಟ್ಟಾವಂತ ತಿಳಕೋತೀನಿ, ನಂದಾ. ಅಲ್ಲಿಗೆ ಆಟಾ ಬಿಟ್ಟೆ" ಎಂದಳು.

ರೇಸಿಗೆ ಇನ್ನೊಂದು ತಾಸಿತ್ತು. ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ, ಬ್ಯಾಟರಿಯ ವೈರು ತೆಗೆದು, ಹಿಟ್ಟಿನ ಕೈ ತೊಳೆದು ಬಂದಳು. ಪಟ್ಟಿಯನ್ನು ಓರೆಯಾಗಿ ತೂರಿಸಿ ಒತ್ತಿದಳು. ಟಕ್! ಬ್ಯಾಟರಿಯ ವೈರು ಸೇರಿಸಿ, ಬೆನ್ನು ಮುಚ್ಚಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಕೀಲಿಗಳ ಕೆಂಪು ದೀಪ ಹತ್ತಿತು, ಪರದೆ ಮಾತ್ರ ಕಪ್ಪಗೇ ಕೂತಿತು. ಮತ್ತೆ ಒತ್ತಿದರೂ ಅಷ್ಟೇ. ಶಾಂಭವಿಯ ಮುಖ ಬಿಳಿಚಿತು.

ಆಗ ಮೂಲೆಯಲ್ಲಿದ್ದ ಅವಳ ಅತ್ತೆ ಲಕ್ಕವ್ವ ಮೆಲ್ಲಗೆ ಬಾಯಿ ಬಿಟ್ಟಳು: "ಅಲ್ಲ ಬೇ, ಕುಂಕುಮ ಹಚ್ಚಿದ್ರ ತಪ್ಪೇನು?"

"ಯಾವಾಗ ಹಚ್ಚಿದ್ರಿ? ಎಲ್ಲಿ ಹಚ್ಚಿದ್ರಿ ಅತ್ತೀ?"

"ನೀ ಕೈ ತೊಳ್ಯಾಕ ಹೋದಾಗ. ಹೊಸಾ ಸಾಮಾನು ಹಂಗ ಹಾಕ್ತಾರೇನು? ಕೆಳಗ ಬಂಗಾರದ ಅಂಚು ಐತೆಲ್ಲ, ಅದ ಅದರ ಮಾರಿ ಅಂತ ತಿಳಿದು ಆ ಅಂಚಿನ ಮ್ಯಾಲ, ಹಿಂದಿನ ಮಗ್ಗಲಕ ಹಚ್ಚೇನಿ."

ನನಗೆ ನಗು ತಡೆಯಲಾಗಲಿಲ್ಲ. ಶಾಂಭವಿ ನನ್ನನ್ನು ದುರುಗುಟ್ಟಿ ನೋಡಿ, ಆಮೇಲೆ ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಓಡಿಹೋಗಿ ಮಗಳ ಕಂಪಾಸ್ ಡಬ್ಬಿಯಿಂದ ರಬ್ಬರ್ ತಂದೆ. ಶಾಂಭವಿ ಬ್ಯಾಟರಿ ಬಿಡಿಸಿ, ಅಂಚನ್ನು ಹಗುರವಾಗಿ ತಿಕ್ಕಿ, ತೂರಿಸುವ ಜಾಗವನ್ನು ಒಣ ಬ್ರಷ್ಷಿನಿಂದ ಗುಡಿಸಿ, ಪಟ್ಟಿಯನ್ನು ಮತ್ತೆ ಕೂರಿಸಿ, ಬ್ಯಾಟರಿ ಸೇರಿಸಿ ಗುಂಡಿ ಒತ್ತಿದಳು. ಪರದೆ ಕಪ್ಪಗಿತ್ತು. ಕಪ್ಪಗೇ ಇತ್ತು. ಲಕ್ಕವ್ವ ಕೈ ಮುಗಿದು ನಿಂತಿದ್ದಳು. ಒಮ್ಮೆಲೇ ಬೆಳಕು! ಹದಿನಾರು ಜಿಬಿ! ನಾವು ಮೂವರೂ ಕಿರುಚಿದ್ದಕ್ಕೆ ಓಣಿಯವರು ಏನಾಯಿತೋ ಎಂದು ಬಾಗಿಲಿಗೆ ಬಂದರು.

ರೇಸು ಶುರುವಾಯಿತು. ಯಾವಾಗಲೂ ಕೈಕೊಡುವ ತಿರುವು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕಾರು ಬೆಣ್ಣೆಯಿಂದ ಕೂದಲು ತೆಗೆದಂತೆ ದಾಟಿ, ರಾಹುಲನನ್ನೂ ಹಿಂದೆ ಹಾಕಿತ್ತು. ಟಿಕೋಟಾದವನೊಬ್ಬ ಮೊದಲಿಗನಾದ, ಶಾಂಭವಿ ಎರಡನೆಯವಳು. ಹೊಸ ಮೆಮೊರಿ ಹಾಕಿದ ಸುದ್ದಿಯನ್ನು ಅವಳು ಮೈಕಿನಲ್ಲಿ ಎಲ್ಲರಿಗೂ ಹೇಳಿದಳು.

"ಹಂಗಾದ್ರ ಇಷ್ಟ ದಿವಸ ನಾ ಸೋಲಿಸಿದ್ದು ನಿಮ್ಮನ್ನಲ್ಲ, ಲ್ಯಾಪ್‌ಟಾಪನ್ನ ಏನ್ರಿ ಅಕ್ಕಾರ?" ಎಂದ ರಾಹುಲ.

ಶಾಂಭವಿ ಹೆಡ್‌ಫೋನ್ ತೆಗೆದಿಟ್ಟು ಎರಡೂ ಅಂಗೈ ನನ್ನ ಮುಂದೆ ಚಾಚಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ನನ್ನ ಕೈ ನೆಟ್ಟಗ ಅದಾವ, ನಂದಾ. ನೋಡ, ನೆಟ್ಟಗ ಅದಾವ."