ಮಡಚಿದ ರೊಟ್ಟಿ

ಅಕ್ಕನಿಗೆ ಹೇಳಬೇಕಾದ ಒಂದು ಮಾತನ್ನು ನಾನು ಆರು ವರ್ಷ ರೊಟ್ಟಿಯ ಜೊತೆಗೇ ನುಂಗುತ್ತಾ ಬಂದೆ. ತಪ್ಪು ನನ್ನದು. ಕೇಳಬೇಕಾದವಳು ಹತ್ತು ಹೆಜ್ಜೆ ದೂರದಲ್ಲಿ ಒಲೆಯ ಮುಂದೆ ಕೂತಿದ್ದಳು, ನಡುವೆ ಇದ್ದದ್ದು ಅರ್ಧ ಗೋಡೆ. ಆದರೂ ಆಗಲಿಲ್ಲ. ದಿನಾ ಕೈ ತೊಳೆದು ಕೂರುವಾಗ ಇವತ್ತು ಹೇಳಿಬಿಡಬೇಕು ಅನ್ನಿಸುತ್ತಿತ್ತು. ಅಷ್ಟರಲ್ಲಿ ತಾಟು ಬರುತ್ತಿತ್ತು. ಬಾಯಿ ತುಂಬ ತುತ್ತು ಇಟ್ಟುಕೊಂಡವನು ಏನು ಹೇಳಿಯಾನು? ಉಂಡ ಮೇಲೆ ನಿದ್ದೆ ಬರುತ್ತಿತ್ತು.

ಅವಳು ಕೆಲಸಕ್ಕಿದ್ದ ಖಾನಾವಳಿ ಇರುವುದು ವಾಡಿಯ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ. ಹೆಸರಿನ ಹಲಗೆಯ ಬಣ್ಣ ಹೋಗಿ ಎಷ್ಟೋ ವರ್ಷವಾಯಿತು, ಅದನ್ನು ಯಾರೂ ಓದುವುದೂ ಇಲ್ಲ. ರೊಟ್ಟಿ ಬಡಿಯುವ ಸಪ್ಪಳ ಹಿಡಿದು ಬಂದರೆ ಸಾಕು. ಅರ್ಧ ಮಂದಿ ರೈಲು ಬರುವುದರೊಳಗೆ ಉಂಡು ಓಡುವವರು. ಇನ್ನರ್ಧ ನನ್ನಂಥವರು, ಕೂತರೆ ಏಳಲಾಗದವರು. ನಾನು ಶಹಾಬಾದ ಕಲ್ಲಿಗೆ ಪಾಲಿಶ್ ಮಾಡುವ ಶೆಡ್ಡಿನಲ್ಲಿ ದುಡಿಯುತ್ತೇನೆ. ಖಾನಾವಳಿಯ ಟೇಬಲ್ಲಿನ ಮೇಲಿರುವುದೂ ಅದೇ ಕಲ್ಲು, ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದದ್ದೂ ಅದೇ ಕಲ್ಲಿನ ಮೇಲೆ. ಮುಂಜಾನೆಯಿಂದ ಅದನ್ನು ತಿಕ್ಕಿ ತಿಕ್ಕಿ ಸೋತು, ಮಧ್ಯಾಹ್ನ ಅದರ ಮೇಲೇ ಮೊಣಕೈ ಊರಿ ಉಣ್ಣುವುದೆಂದರೆ, ಜಗಳವಾಡಿದವನ ಮನೆಗೇ ಊಟಕ್ಕೆ ಹೋದಂತೆ.

ಊಟದಲ್ಲಿ ವಿಶೇಷವೇನಿಲ್ಲ. ಬಿಸಿ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ, ಕೊನೆಗೆ ಒಂದಿಷ್ಟು ಅನ್ನ. ಸೇಡಂ ದಾಟಿ ಗಡಿಯ ಕಡೆ ಹೋದರೆ ಉಪ್ಪಿನಕಾಯಿ ಖಾರವೇರಿ ತೆಲುಗಿನಲ್ಲಿ ಬೈಯುತ್ತದೆ. ನಮ್ಮ ವಾಡಿಯದು ದಣಿದ ಹೊಟ್ಟೆಗೆ ಹೊಂದುವ ಊಟ. ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುವ ತನಕ ರೊಟ್ಟಿ ಬರುತ್ತಲೇ ಇರುತ್ತದೆ. ಸಾಕು ಎಂದು ಬಾಯಲ್ಲಿ ಹೇಳಿದರೆ ಇಲ್ಲಿ ಯಾರೂ ನಂಬುವುದಿಲ್ಲ.

ನಾನು ಓದಿದ್ದು ಐದನೆಯ ಇಯತ್ತೆ. ಒಮ್ಮೆ ಮೇಷ್ಟ್ರು ನಮ್ಮನ್ನೆಲ್ಲ ಮಳಖೇಡದ ಕೋಟೆಗೆ ಕರೆದುಕೊಂಡು ಹೋಗಿ, ಇಲ್ಲಿ ದೊಡ್ಡ ದೊಡ್ಡ ರಾಜರು ಆಳಿದರು ಎಂದರು. “ಅವರು ಏನ್ ಉಣ್ತಿದ್ದರು ಸರ್?” ಎಂದು ಕೇಳಿದೆ. ಹೊರಗೆ ನಿಲ್ಲು ಎಂದರು. ಚಾವಣಿಯೇ ಇಲ್ಲದ ಕೋಟೆಯಲ್ಲಿ ಹೊರಗೆ ಅಂದರೆ ಎಲ್ಲಿ? ಕಾಗಿಣಾ ಹೊಳೆಯ ಕಡೆ ಮುಖ ಮಾಡಿ ನಿಂತೆ. ಈಗಲೂ ನನಗೆ ಉತ್ತರ ಗೊತ್ತಿಲ್ಲ. ರೊಟ್ಟಿಯನ್ನೇ ಉಂಡಿರಬೇಕು ಅಂದುಕೊಂಡಿದ್ದೇನೆ. ರಾಜರ ಹೆಸರು ಕಲ್ಲಿನಲ್ಲಿ ಉಳಿಯಿತು, ರೊಟ್ಟಿ ಬಡಿದವಳ ಹೆಸರು ಹಿಟ್ಟಿನ ಜೊತೆ ಹೋಯಿತು. ಅವಳಿಗೂ ಒಬ್ಬ ತಮ್ಮ ಇದ್ದಿರಬಹುದು. ನನಗಿಂತ ಒಳ್ಳೆಯವನಾಗಿರಲಿ.

ಅವ್ವ ಹೋದಾಗ ನಾನು ಸಣ್ಣವ. ನಾನು ಓದಲಿ ಎಂದು ಅಕ್ಕ ಶಾಲೆ ಬಿಟ್ಟು ಒಲೆ ಹಿಡಿದಳು. ನಾನು ಐದಕ್ಕೇ ಶಾಲೆ ಬಿಟ್ಟು ಅವಳ ಲೆಕ್ಕ ಕೆಡಿಸಿದೆ. ಆಗಿನಿಂದಲೂ ಅವಳದೊಂದು ಪದ್ಧತಿ. ಬಿಸಿ ರೊಟ್ಟಿಗೆ ಎಣ್ಣೆ ಸವರಿ, ಶೇಂಗಾ ಹಿಂಡಿ ಹರವಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಡುವುದು. ಖಾನಾವಳಿಗೆ ಕೆಲಸಕ್ಕೆ ಸೇರಿದ ಮೇಲೂ ಅದನ್ನು ಬಿಡಲಿಲ್ಲ. ಎಲ್ಲರ ತಾಟಿಗೆ ಅಗಲ ರೊಟ್ಟಿ ಹೋದರೆ ನನ್ನ ತಾಟಿಗೆ ಮೊದಲನೆಯದು ಮಡಚಿದ್ದು ಬರುತ್ತಿತ್ತು.

ಆರು ವರ್ಷದ ಹಿಂದೆ ಸೊಲ್ಲಾಪುರದಿಂದ ಕಲ್ಲು ಕೊಳ್ಳಲು ಇಬ್ಬರು ಬಂದರು. ಅವರನ್ನು ಊಟಕ್ಕೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಿತ್ತು. ದಾರಿಯಲ್ಲಿ ನಾನೂ ಒಬ್ಬ ಮನುಷ್ಯ ಎಂದು ತೋರಿಸಬೇಕಲ್ಲ, “ನಮ್ಮಕ್ಕನ್ನ ಸೇಡಂದಾಗ ದೊಡ್ಡ ಮನಿಗಿ ಕೊಟ್ಟೀವ್ರಿ, ಕೈಗಿ ಬಾಯಿಗಿ ಆಳು” ಎಂದುಬಿಟ್ಟೆ. ಅವರೇನೂ ಕೇಳಿರಲಿಲ್ಲ, ನಾನಾಗಿಯೇ ಹೇಳಿದ್ದು. ನಾವು ಕೂತ ಕೂಡಲೇ ಅಕ್ಕ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಹೊರಗೆ ಇಣುಕಿದಳು.

“ತಮ್ಮಾ, ಇವತ್ತ ಲಗೂ ಬಂದಿ? ಕುಂದುರು, ಪುಂಡಿಪಲ್ಯ ಈಗ ಇಳಸೀನಿ.”

“ಯಾರಪಾ ಅಕಿ? ತಮ್ಮ ಅಂದಳಲ್ಲ?” ಎಂದ ಬಂದವರಲ್ಲೊಬ್ಬ, ಅವಳು ಒಳಗೆ ಹೋದ ಮೇಲೆ.

“ಯಾರಿಲ್ರಿ, ನಮ್ಮೂರಾಕಿ. ಎಲ್ಲಾರಿಗೂ ತಮ್ಮ ಅಂತಾಳ” ಎಂದೆ.

ಅರ್ಧ ಗೋಡೆಯ ಆಚೆ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ನನ್ನ ತಾಟಿಗೆ ರೊಟ್ಟಿ ಬಂತು. ಅಗಲವಾಗಿ, ದುಂಡಗೆ, ಎಲ್ಲರದರಂತೆ. ಹಿಂಡಿ ಪಕ್ಕದಲ್ಲಿತ್ತು.

ಆಮೇಲೆ ಆರು ವರ್ಷ ಹಾಗೆಯೇ ಬಂತು. ಅವಳು ಸಿಟ್ಟು ಮಾಡಲಿಲ್ಲ, ಮಾತು ಬಿಡಲಿಲ್ಲ. ಹಬ್ಬಕ್ಕೆ ಅವಳ ಮನೆಗೆ ಹೋದರೆ ಹೋಳಿಗೆ ಬಡಿಸಿದಳು. ನಾನು ಗಿರಾಕಿ ಆಗಲು ಬಯಸಿದ್ದೆನಲ್ಲ, ಖಾನಾವಳಿಯಲ್ಲಿ ಗಿರಾಕಿಯನ್ನಾಗಿಯೇ ಇಟ್ಟಳು, ಅಷ್ಟೆ. ಮನೆಯಲ್ಲಾದರೂ ಹೇಳಬಹುದಿತ್ತು. ಆದರೆ ಮಂದಿಯ ಮುಂದೆ ಮಾಡಿದ ತಪ್ಪನ್ನು ಅಡುಗೆಮನೆಯಲ್ಲಿ ಪಿಸುಗುಟ್ಟಿ ತೀರಿಸಬಾರದು ಎಂಬ ನೆಪ ಹುಡುಕಿಕೊಂಡಿದ್ದೆ. ಮೈಗಳ್ಳನಿಗೆ ನ್ಯಾಯ ಬೇಗ ಹೊಳೆಯುತ್ತದೆ.

ಈ ವರ್ಷ ಅಕ್ಕನ ಭುಜ ಸೋತಿತು. ಕೈ ಮೇಲೆತ್ತಲು ಬಾರದೆ ಕೆಲಸ ಬಿಟ್ಟಳು. ಹೋದ ವಾರ ಮಧ್ಯಾಹ್ನ ಅವಳನ್ನು ಅದೇ ಖಾನಾವಳಿಗೆ ಊಟಕ್ಕೆ ಕರೆತಂದೆ. ಅಷ್ಟು ವರ್ಷ ದುಡಿದವಳು ಹೊರಗಿನ ಟೇಬಲ್ಲಿಗೆ ಕೂತದ್ದು ಅದೇ ಮೊದಲು. ಕುರ್ಚಿಯ ಅಂಚಿಗೆ ಕೂತಳು, ಯಾರೋ ಎಬ್ಬಿಸಲು ಬರುತ್ತಾರೆ ಎನ್ನುವ ಹಾಗೆ.

“ಯಕ್ಕಾ, ನೀ ಈ ಕಡಿ ಕುಂತರ ಒಳಗಿನ ಹೊಸಾಕಿಗಿ ನಡುಕ ಹತ್ತೇದ ನೋಡು” ಎಂದು ಮಾಲಕ ನಕ್ಕ.

ಅಕ್ಕ ರೊಟ್ಟಿಯನ್ನು ಹೊರಳಿಸಿ ನೋಡಿದಳು. “ಹಿಟ್ಟು ಸರಿ ನಾದಿಲ್ಲ, ಅಂಚು ಒಡದದ” ಎಂದವಳು ದನಿ ತಗ್ಗಿಸಿ, “ಹೊಸದಾಗಿ ಬಂದಾಳ, ಕಲೀತಾಳ ಬಿಡ್ರಿ. ಅಕಿಗಿ ಹೇಳಬ್ಯಾಡ್ರಿ” ಎಂದಳು.

ನಾನು ಒಂದು ರೊಟ್ಟಿ ತೆಗೆದುಕೊಂಡು ಎಣ್ಣೆ ಸವರಿ, ಹಿಂಡಿ ಹರವಿ ಮಡಚಲು ನೋಡಿದೆ. ಎರಡನೆಯ ಮಡಿಕೆಗೇ ಹರಿಯಿತು. ಹರಿದದ್ದನ್ನೇ ಅವಳ ತಾಟಿಗಿಟ್ಟು, ತಲೆ ತಗ್ಗಿಸಿ ಆ ಮಾತನ್ನು ಮೆಲ್ಲಗೆ ಹೇಳಿದೆ.

“ಏನಂದಿ?” ಎಂದಳು ಅಕ್ಕ.

ಇನ್ನೊಮ್ಮೆ ಹೇಳಿದೆ.

“ಕೇಳವಲ್ದಪಾ. ಜೋರ ಹೇಳು.”

ಒಲೆಯ ಮುಂದೆ ಕೂತು, ರೊಟ್ಟಿ ಬಡಿಯುತ್ತಲೇ, ಗೋಡೆಯ ಆಚೆಯಿಂದ ನನ್ನ ಒಂದು ಮಾತು ಕೇಳಿಸಿಕೊಂಡ ಕಿವಿ ಅದು. ಮುಖ ನೋಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಹರಿದ ರೊಟ್ಟಿಯ ಅಂಚನ್ನು ಬೆರಳಲ್ಲಿ ಕೂಡಿಸುತ್ತಿದ್ದಳು. ಕೇಳಬೇಕಾದದ್ದು ಅವಳೊಬ್ಬಳೇ ಅಲ್ಲ ಎಂದು ನನಗೆ ತಿಳಿಯಿತು. ಎದ್ದು ನಿಂತೆ. ರೈಲಿಗೆ ಓಡುವವರೂ ಕೈ ತಡೆದು ನನ್ನ ಕಡೆ ನೋಡಿದರು.

“ಅಕ್ಕಾ, ಅವತ್ತ ಆ ಮಂದಿ ಮುಂದ ನಿನಗ ನಮ್ಮೂರಾಕಿ ಅಂದೆ. ನೀ ನಮ್ಮಕ್ಕ. ನಂದು ಭಾಳ ತಪ್ಪಾಗ್ಯದ, ಹೊಟ್ಟ್ಯಾಗ ಹಾಕ್ಕೊ.”