ರಂಗೋಲಿ ಹುಡಿಯಲ್ಲಿ ಬರೆದ ಜೇಲು

ಆ ದಿನ ಬೆಳಿಗ್ಗೆ ಅಂಗಳಕ್ಕೆ ಸಗಣಿ ನೀರು ಚಿಮುಕಿಸಿ ರಂಗೋಲಿ ಡಬ್ಬಿಗೆ ಕೈ ಹಾಕಿದರೆ ಡಬ್ಬಿ ಬರಿದು. ನಮ್ಮ ಯಜಮಾನರು ಓವರ್‌ಸಿಯರ್; ಹುಡಿಯನ್ನೆಲ್ಲ ಕಚೇರಿಯ ಹಿಂದಿನ ಬಯಲಿಗೆ ಒಯ್ದಿದ್ದರು. ಹುಕ್ಕೇರಿಯಲ್ಲಿ ಹೊಸ ಜೇಲು ಕಟ್ಟಬೇಕಿತ್ತು, ಸರಕಾರದ ಹಣ ಸಾಲುತ್ತಿರಲಿಲ್ಲ. ಊರವರು ಚಕ್ಕಡಿಯಲ್ಲಿ ಕಲ್ಲು ಹಾಕುವುದು, ಗೌಂಡಿ, ಬಡಿಗ, ಜೇಲಿನ ಸಿಪಾಯಿ ಎಲ್ಲರೂ ಕೂಡಿ ನಕ್ಷೆ ನಿಶ್ಚಯಿಸುವುದು ಎಂದಾಗಿತ್ತು. ಕಾಗದದ ನಕ್ಷೆ ಅವರಿಗೆ ತಿಳಿಯದೆಂದು ಇವರು ನೆಲದ ಮೇಲೆಯೇ ಪೂರ್ತಿ ಅಳತೆಗೆ ಗೆರೆ ಎಳೆದಿದ್ದರು.

ಚಹಾದ ಕಿಟ್ಲಿ ಹಿಡಿದು ಹೊರಟವಳು ಮೊದಲು ಕಚೇರಿಯ ಉಗ್ರಾಣದ ಮುಂದೆ ನಿಂತೆ. ಜೇಲಿಲ್ಲದ್ದಕ್ಕೆ ಕೈದಿಗಳನ್ನು ಅಲ್ಲೇ ಕೂಡಿಹಾಕುತ್ತಿದ್ದರು; ಕೋರ್ಟಿನ ತಾರೀಖು ಕಾಯುತ್ತ ದಡ್ಡಿ ಊರಿನ ಕಡೆಯ ಹೆಣ್ಣುಮಗಳೊಬ್ಬಳು ಮೊಲೆಕೂಸಿನೊಡನೆ ಅಲ್ಲಿದ್ದಳು. ದಿನವೂ ಅವಳಿಗೆ ಗಂಜಿ ಕೊಡುತ್ತಿದ್ದೆ. ಒಳಗೆ ಹಗಲಲ್ಲೂ ಕತ್ತಲು. ಬಾಗಿಲ ಸಂದಿಯಿಂದ ಬೀಳುವ ಬಿಸಿಲಗೆರೆಯನ್ನು ಹಿಡಿಯಲು ಕೂಸು ಕೈ ಆಡಿಸುತ್ತಿತ್ತು.

"ಅಕ್ಕಾರ, ಹೊಸಾ ಜೇಲಿನ ಕೋಲ್ಯಾಗ ಕೂಸಿಗೆ ಬೆಳಕ ಬರತೈತೇನ್ರಿ?"

"ಬರತೈತವಾ," ಎಂದೆ.

ಬಯಲಲ್ಲಿ ಎಲ್ಲರೂ ಗೆರೆಗಳೊಳಗೆ ನಿಂತು ನಗಾಡುತ್ತಿದ್ದರು. ಸಿಪಾಯಿಯಂತೂ ತನ್ನ ಜಾಗದಲ್ಲಿ ಮಲಗಿಯೇ ನೋಡಿದ. ಕಚೇರಿಯ ಹಳೆಯ ಗೋಡೆಯನ್ನೇ ಹಿಂಗೋಡೆ ಮಾಡಿದರೆ ಒಂದು ಗೋಡೆಯ ಖರ್ಚು ಉಳಿಯುತ್ತದೆಂದ ಗೌಂಡಿ. ಎಲ್ಲರೂ ಭೇಷ್ ಅಂದರು. ಹೆಂಗಸರ ಕೋಲಿಯ ಅಳತೆ ಸಾಕೋ ನೋಡೆಂದು ನನ್ನನ್ನು ಕರೆದರು. ಗೆರೆ ದಾಟಿ ನಿಂತೆ. ಎರಡೂ ಬಾಜೂ ಗಂಡಸರ ಕೋಲಿ, ಮುಂದೆ ಒಳಪಡಸಾಲೆ. ಮನೆಯಲ್ಲಿ ನಾನು ನೋಡಿದ್ದ ಕಾಗದದ ನಕ್ಷೆಯಲ್ಲಿ ಕಿಡಕಿ ಇದ್ದದ್ದು ಆ ಹಿಂಗೋಡೆಗೇ; ಈಗ ಅದರಾಚೆ ಕಚೇರಿ.

"ಕಿಡಕಿ ಎಲ್ಲಿ?"

ಗೌಂಡಿ ನಕ್ಕ. "ಬಾಯಾರು ಕಾನ್ವೆಂಟ್ ಸಾಲಿ ಕಲತವರು. ಇನ್ನ ಪರದೇನೂ ಕೇಳ್ತಾರ ನೋಡ್ರಿ!"

"ಹಂಗಾದ್ರ ಮ್ಯಾಲ ಮಾಳಗಿಗೆ ಬೆಳಕಿಂಡಿ ಬಿಡ್ರಿ, ಮನಿಗೆ ಬಿಡೂವಂಗ," ಎಂದೆ.

"ಅದರಾಗಿಂದ ಕೈದಿ ಹಾರಿದ್ರ ನನ್ನ ನೌಕರಿನೂ ಹಾರತೈತ್ರಿ," ಎಂದ ಸಿಪಾಯಿ.

ನಮ್ಮ ಯಜಮಾನರು ನನ್ನ ಮುಖ ನೋಡಲಿಲ್ಲ. ಹತ್ತು ಜನ ಕೂಡಿ ಒಪ್ಪಿದ್ದನ್ನು ಮುರಿಯುವುದು ಹೇಗೆ? ಅಲ್ಲಿ ಕೆಟ್ಟ ಮನುಷ್ಯ ಒಬ್ಬನೂ ಇರಲಿಲ್ಲ. ಮಧ್ಯಾಹ್ನಕ್ಕೆ ಪಾಯಕ್ಕೆ ಗುದ್ದಲಿ ಬಿತ್ತು, ನನ್ನ ರಂಗೋಲಿ ಮಣ್ಣಲ್ಲಿ ಬೆರೆಯಿತು. ಮರಳುವಾಗ ಉಗ್ರಾಣದ ಮುಂದಿನ ದಾರಿ ಬಿಟ್ಟು ಬಳಸಿಕೊಂಡು ಬಂದೆ.

ಸಂಜೆ ಬಾಜೂ ಮನೆಯ ಅಜ್ಜಿ ಹೆಪ್ಪು ಕೇಳಲು ಬಂದರು. ಮೋರೆ ಯಾಕೆ ಸಣ್ಣದಾಗಿದೆ ಎಂದದ್ದಕ್ಕೆ ಎಲ್ಲ ಹೇಳಿದೆ. ಬಟ್ಟಲಿಗೆ ಸೆರಗು ಮುಚ್ಚುತ್ತ ಅಂದರು:

"ಅಯ್ಯ, ನನ್ನ ಅಡಗಿಮನಿಗೆ ಎಲ್ಲೈತವಾ ಕಿಡಕಿ? ನಾ ಏನ ಮಕ್ಕಳನ್ನ ಬೆಳಸಲಿಲ್ಲೇನ?"