ಕಾಕಾನ ಉಜ್ಜುವ ಮಷೀನು

ಕಾಕಾನ ಮೀಸೆ ಕಪ್ಪು, ಹುಬ್ಬು ಬಿಳಿ. ಮೀಸೆ ಮಾಸ್ಕಿನ ಒಳಗಿರುತ್ತಿತ್ತು, ಹುಬ್ಬಿಗೆ ಮರೆಯಿರಲಿಲ್ಲ. ಜಿಪ್ಸಮ್ ಹಲಗೆಯ ಗೋಡೆಗೆ ನುಣುಪಿಗೆಂದು ಮೆತ್ತಿದ ಪುಟ್ಟಿ ಉಜ್ಜಿದ ಧೂಳೆಲ್ಲ ಅಲ್ಲೇ ಕೂರುತ್ತಿತ್ತು. ಸಂಜೆ ಮುಖ ತೊಳೆದು ಬಂದರೆ ಬೇರೆ ಯಾರೋ ಬಂದಂತಿರುತ್ತಿತ್ತು.

ನಾಸಿಕ್‌ನ ಓಝರ್ ರಸ್ತೆಯ ತಗಡಿನ ಮನೆಗಳ ಸಾಲಿನಲ್ಲಿ ನಮ್ಮ ಪಕ್ಕದ ಖೋಲಿ ಅವರದು. ಇಂಡಿ ಕಡೆಯವರು. ರಕ್ತಸಂಬಂಧವಿಲ್ಲ, ಆದರೂ ಕಾಕಾ. ಗಂಡ ತೀರಿಕೊಂಡ ಮೇಲೆ ನನ್ನನ್ನು ಪುಟ್ಟಿ ಬಕೆಟ್ ಹೊರುವ ಕೆಲಸಕ್ಕೆ ಸೇರಿಸಿಕೊಂಡವರು ಅವರೇ. ಒಂದು ಕಡೆ ನಿಲ್ಲುವ ಜೀವವಲ್ಲ. ಓಡಾಡುತ್ತಲೇ ಊಟ. ಚಹದಂಗಡಿಯಲ್ಲೂ ಅಂಗೈ ಗೋಡೆ ಸವರುತ್ತಿತ್ತು. "ತೆಗ್ಗ ಬಿಟ್ಟಾರ ನೋಡು ಮಕ್ಕಳು," ಎಂದು ಯಾರದೋ ಗೋಡೆಗೆ ಬೈಯುತ್ತಿದ್ದರು.

ಮಷೀನನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಉದ್ದ ಕೋಲಿನ ತುದಿಗೆ ತಿರುಗುವ ತಟ್ಟೆ, ಧೂಳೆಳೆಯುವ ಕೊಳವೆ, ಕೊಳವೆಯ ಕೊನೆಗೆ ಡಬ್ಬಿ. ಕೆಲಸ ಮುಗಿದೊಡನೆ ಡಬ್ಬಿಯ ಫಿಲ್ಟರನ್ನು ಬೇವಿನ ಮರಕ್ಕೆ ಬಡಿದು, ಒಣ ಬ್ರಷ್ಷಿನಿಂದ ತಿಕ್ಕಿ, ತಟ್ಟೆಗೆ ಹೊಸ ಉಜ್ಜುಹಾಳೆ ಅಂಟಿಸಿ ಇಡುವರು. ನಾನು ದೂರ ನಿಂತು ನೋಡಿ ಕಲಿತೆ. ಅದು ನನ್ನ ಕೈಗೆ ಬರಬೇಕೆಂಬ ಆಸೆ ನನ್ನನ್ನೂ ಕೂರಗೊಡುತ್ತಿರಲಿಲ್ಲ. ಕೇಳಿದರೆ, "ನಿನಗ್ಯಾಕವ್ವ ಈ ಧೂಳು? ನನ್ನ ಎದಿ ಅಂತೂ ಹೋಗೇದ," ಎನ್ನುವರು. ಧೂಳೆಳೆಯುವ ಮಷೀನಿಲ್ಲದೆ ಗೋಡೆ ಮುಟ್ಟಲೇಬೇಡಿ ಎಂದು ಡಾಕ್ಟರು ಅವರಿಗೆ ಹೇಳಿದ್ದರು.

ಅಂಥವರು ಖಂಡೇನವಮಿಯ ದಿನ ಎಡವಟ್ಟು ಮಾಡಿದರು. ಕರಣೆ, ಪುಟ್ಟಿ ಎಳೆಯುವ ತಗಡಿನ ಪಟ್ಟಿ, ಬಕೆಟ್ ಎಲ್ಲ ತೊಳೆದು ಪೂಜೆಗಿಟ್ಟವರಿಗೆ ಮಷೀನೊಂದೇ ನೀರು ಕಾಣದೆ ಕೂತದ್ದು ನೋಡಲಾಗಲಿಲ್ಲ. "ಹಬ್ಬದ ದಿನಾನೂ ಜಳಕ ಇಲ್ಲಂದ್ರ ಹ್ಯಾಂಗ, ಪಾಪ," ಎಂದು ಡಬ್ಬಿ, ಫಿಲ್ಟರ್ ಎರಡಕ್ಕೂ ನೀರು ಸುರಿದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದರು.

ಅದರ ಬೆನ್ನಿಗೇ ಸಂಭಾಜಿನಗರದಲ್ಲಿ ಮದುವೆ ಛತ್ರದ ಗೋಡೆ ಕೆಲಸ. ಬಸ್ಸಿನಲ್ಲಿ ಸೀಟಿದ್ದರೂ ಕಾಕಾ ಗಂಟೆ ದಾರಿಯ ನಿಫಾಡ್ ದಾಟುವ ತನಕ ನಿಂತೇ ಇದ್ದರು. ಛತ್ರದಲ್ಲಿ ಮಷೀನು ಹಚ್ಚಿದರೆ ತಟ್ಟೆ ತಿರುಗಿತು, ಧೂಳು ಒಳಗೆ ಹೋಗಲಿಲ್ಲ. ಎಲ್ಲ ಅವರ ಮುಖಕ್ಕೇ. ನಿಲ್ಲಿಸಿ ಎಂದರೆ ಕೇಳಲಿಲ್ಲ. ಕೆಮ್ಮಿ ಕೆಮ್ಮಿ ಏಣಿಯ ಬುಡದಲ್ಲಿ ಕುಸಿದರು. ಅಲ್ಲಿನ ಸೂಪರ್‌ವೈಸರ್ ಬೇರೆ ತಂಡಕ್ಕೆ ಫೋನ್ ಮಾಡತೊಡಗಿದ.

ಡಬ್ಬಿ ನಾನೇ ಬಿಚ್ಚಿದೆ. ನೀರು ಕುಡಿದ ಪುಟ್ಟಿ ಧೂಳು ಫಿಲ್ಟರಿನ ಮಡಿಕೆಗಳಲ್ಲಿ ಗಟ್ಟಿಕಟ್ಟಿತ್ತು. ಪೇಟೆಗೆ ಓಡಿ ಹೊಸ ಫಿಲ್ಟರ್ ತಂದೆ, ಡಬ್ಬಿಯನ್ನು ಪಟ್ಟಿಯಿಂದ ಕೆರೆದು ಒಣಬಟ್ಟೆಯಲ್ಲಿ ಒರೆಸಿದೆ. ಮಷೀನು ಮತ್ತೆ ಧೂಳೆಳೆಯಿತು. ಕಾಕಾ ಏಳಲು ನೋಡಿದರು, ಆಗಲಿಲ್ಲ. ನಾನು ಮಷೀನಿನ ಕೋಲು ಬಿಡಲಿಲ್ಲ.

"ಬಾಯಿಚ್ಯಾ ಹಾತಾತ ನಕೋ," ಎಂದ ಸೂಪರ್‌ವೈಸರ್. ಹೆಂಗಸಿನ ಕೈಗೆ ಬೇಡವಂತೆ.

ಕಾಕಾ ನನ್ನನ್ನು ನೋಡಿದರು, ಮಷೀನನ್ನು ನೋಡಿದರು. "ತೀಚ ಕರಣಾರ," ಎಂದರು. ಅವಳೇ ಮಾಡುವುದು. ಆಮೇಲೆ ನನ್ನ ಕಡೆ ತಿರುಗಿ, "ಲೈಟ್ ನಾ ಕುಂತೇ ಹಿಡೀತೀನಿ. ನೀ ಗ್ವಾಡಿ ನೋಡು, ನನ್ನ ಮಾರಿ ನೋಡಬ್ಯಾಡ," ಎಂದರು.

ಗೋಡೆಗೆ ಓರೆಯಾಗಿ ಬೆಳಕು ಬಿಟ್ಟರೆ ಸಣ್ಣ ಗೀರೂ ಎದ್ದು ಕಾಣುತ್ತದೆ. ಅವತ್ತು ನನಗೆ ಕಂಡದ್ದೆಲ್ಲ ಗೀರೇ. ತಪ್ಪಿದರೆ ಎಲ್ಲಿ ಕಾಕಾನ ಮಾತು ಹೋಗುತ್ತದೋ ಎಂಬ ಭಯಕ್ಕೆ ಉಜ್ಜುತ್ತಲೇ ಹೋದೆ.

"ಸಾಕು," ಎಂದರು ಕಾಕಾ. "ಇನ್ನ ಉಜ್ಜಿದ್ರ ಒಳಗಿನ ಹಲಗಿ ಮ್ಯಾಲಿನ ಕಾಗದ ಹರೀತದ."

ಒಂದು ಗಳಿಗೆ ಕೂರದ ಮನುಷ್ಯ, ನಿಲ್ಲಿಸುವುದೆಲ್ಲಿ ಎಂದು ಮಾತ್ರ ಅವರಿಗೆ ಗೊತ್ತಿತ್ತು. ಅಲ್ಲಿಂದ ಮುಂದೆ ಮಷೀನು ನನ್ನ ಕೈಯಲ್ಲೇ ಉಳಿಯಿತು, ಲೈಟು ಅವರ ಕೈಯಲ್ಲಿ.

ಈ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಖೋಲಿಯ ಮುಂದೆ ಮಲಗಿಸಿದ್ದಾಗ ಹುಬ್ಬು ಕಪ್ಪಗಿತ್ತು. ಕೆಲಸ ಬಿಟ್ಟು ತಿಂಗಳುಗಳಾಗಿದ್ದವಲ್ಲ. ನನಗೆ ಅಳು ಬಂದದ್ದು ಅದನ್ನು ನೋಡಿ. ಮೊನ್ನೆ ಖಂಡೇನವಮಿಗೆ ಮಷೀನನ್ನು ಒಣಬಟ್ಟೆಯಲ್ಲಿ ಒರೆಸಿ ಹೂ ಇಟ್ಟೆ. ಕೆಲಸಕ್ಕೆ ಹೋದಲ್ಲಿ ಈಗ ಲೈಟನ್ನು ಸ್ಟ್ಯಾಂಡಿಗೆ ಕಟ್ಟುತ್ತೇನೆ. ಬೆಳಕೇನೋ ಬೀಳುತ್ತದೆ. ಸಾಕು ಎನ್ನುವವರಿಲ್ಲ, ಮಷೀನು ಆರಿಸಿದ ಮೇಲೂ ನನ್ನ ಅಂಗೈ ಗೋಡೆ ಸವರುತ್ತಲೇ ಇರುತ್ತದೆ.